ಯಂತ್ರದ ಎಂಟು ಬಿಡಿಭಾಗಗಳೂ ನನ್ನ ಡಿಗ್ರಿಯೂ

ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನಿಗೆ ‘ನನಗೆ ಗೊತ್ತಿಲ್ಲ’ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ. ಸೋಮನಹಳ್ಳಿಯಿಂದ ಭಾರತೀನಗರದ ಕಾಲೇಜಿಗೆ ಮೂರು ವರ್ಷ ಬಸ್ಸಿನ ಬಾಗಿಲಲ್ಲಿ ನೇತಾಡಿ, ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದು ಎದ್ದು ಬಿ.ಕಾಂ. ಮುಗಿಸಿದವನು ನಾನು. ಅದರ ಹೆಮ್ಮೆ ಈಗಲೂ ಇದೆ, ಮುಚ್ಚಿಡುವುದಿಲ್ಲ. ಆದರೆ ಅಂದಿನಿಂದ ಔಷಧಿ ಬಾಟಲಿಯಿಂದ ಹಿಡಿದು ಹೊಸ ಕುಕ್ಕರಿನವರೆಗೆ ಎಲ್ಲವೂ ಮೊದಲು ನನ್ನ ಮುಂದೆ ಹಾಜರಾಗುತ್ತವೆ. ಒಮ್ಮೆ ಪಕ್ಕದ ಮನೆಯ ಅಜ್ಜಿ ಹಸುವನ್ನೇ ಹೊಡೆದುಕೊಂಡು ಬಂದು, ‘ಓದಿರೋನು ನೀನು, ಗಬ್ಬ ನಿಂತದಾ ನೋಡಪ್ಪ’ ಎಂದಿದ್ದರು. ನಾನು ನೋಡಿದೆ ಕೂಡ.

ಹಾಗಾಗಿ ತಂಗಿ ಭಾಗ್ಯ ಮಳವಳ್ಳಿಯಿಂದ ಹಳೆಯ ಮರಗೆಲಸದ ಯಂತ್ರವೊಂದನ್ನು ತಂದಾಗ ಅದೂ ನನ್ನ ಪಾಲಿಗೇ ಬಂತು. ಭಾಗ್ಯ ಅಪ್ಪನಿಂದ ಬಡಗಿ ಕೆಲಸ ಕಲಿತು, ಹೆದ್ದಾರಿ ಬದಿಯಲ್ಲಿ ಶೆಡ್ಡು ಹಾಕಿಕೊಂಡಿದ್ದಾಳೆ. ಯಂತ್ರ ಒಂದೇ ಆದರೂ ಕೊಯ್ಯುತ್ತದೆ, ಉಜ್ಜುತ್ತದೆ, ತೂತು ಕೊರೆಯುತ್ತದೆ. ಒಂದೊಂದು ಕೆಲಸಕ್ಕೆ ಒಂದೊಂದು ಬಿಡಿಭಾಗ ಜೋಡಿಸಬೇಕು. ಅದನ್ನು ಬಳಸುತ್ತಿದ್ದ ಬಡಗಿ ತೀರಿಕೊಂಡಿದ್ದರು. ಅವರ ಮನೆಯವರು ಒಂದು ಗೋಣಿಚೀಲ ಕೊಟ್ಟು, ‘ಇವೂ ಅದ್ರವೇ ಇರ್ಬೇಕು’ ಎಂದಿದ್ದರಂತೆ. ವಿವರಣೆಯ ಪುಸ್ತಕವಿಲ್ಲ, ಕಂಪನಿಯ ಹೆಸರೂ ಸವೆದುಹೋಗಿದೆ. ಇತ್ತ ಕೊಕ್ಕರೆ ಬೆಳ್ಳೂರಿನ ಚಿಕ್ಕಸ್ವಾಮಿಯವರ ಹೊಸ ಮನೆಗೆ ಶುಕ್ರವಾರ ಬೆಳಿಗ್ಗೆ ಬಾಗಿಲು ನಿಲ್ಲಿಸುವ ಪೂಜೆ. ಅಷ್ಟರಲ್ಲಿ ಬಾಗಿಲು, ಕಿಟಕಿ ಸೇರಿ ಏಳು ಚೌಕಟ್ಟು ಹೋಗಬೇಕು. ಮರ ಕೂಡಿಸುವ ತೂತುಗಳನ್ನು ಉಳಿಯಲ್ಲೇ ಹೊಡೆಯುತ್ತ ಕೂತರೆ ಆಗದ ಮಾತು. ತಪ್ಪಿದರೆ ಅವರು ಮದ್ದೂರಿಗೆ ಹೋಗಿ ಸಿದ್ಧ ಚೌಕಟ್ಟು ತರುತ್ತಾರೆ. ಭಾಗ್ಯಳ ಮೊದಲ ದೊಡ್ಡ ಕೆಲಸ ಕೈತಪ್ಪುತ್ತದೆ.

ನಾನು ಆಫೀಸಿಗೆ ರಜೆ ಹಾಕಿ ಶೆಡ್ಡಿನಲ್ಲಿ ಚೀಲ ಸುರಿದೆ. ಎಂಟು ಕಬ್ಬಿಣದ ವಸ್ತುಗಳು. ಎಂಟರ ಮೇಲೂ ಒಣಗಿದ ಕುಂಕುಮ. ಆಯುಧ ಪೂಜೆಯಲ್ಲಿ ಯಂತ್ರದ ಜೊತೆ ಪೂಜೆಯಾದವು, ಆದ್ದರಿಂದ ಎಂಟೂ ಈ ಯಂತ್ರದವೇ ಎಂದು ತೀರ್ಮಾನಿಸಿದೆ. ಚೀಟಿ ಅಂಟಿಸಿ ನಂಬರು ಕೊಟ್ಟೆ. ಎರಡು ದಿನ ಮೊಬೈಲಿನಲ್ಲಿ ಹೊರದೇಶದ ಬಡಗಿಗಳನ್ನು ನೋಡಿದೆ. ಮೂರನೆಯ ನಂಬರಿನ ತಟ್ಟೆ ‘ಧೂಳು ತಡೆಯುವ ಮುಚ್ಚಳ’ವಾಯಿತು. ಏಳನೆಯದು, ಹಿಡಿ ಇದ್ದ ಡೊಂಕು ಸರಳು, ‘ಕಮಾನು ಕೊರೆಯುವ ಸಾಧನ’ವಾಯಿತು. ಅದನ್ನು ಕೂರಿಸಲು ಯಂತ್ರದ ಸುತ್ತ ನಾನು ಹಾಕಿದಷ್ಟು ಪ್ರದಕ್ಷಿಣೆಯನ್ನು ಯಾವ ದೇವಸ್ಥಾನದಲ್ಲೂ ಹಾಕಿಲ್ಲ.

ಮಂಗಳವಾರ ಭಾಗ್ಯ ಹತ್ತಿರ ಬಂದು ಚೀಟಿಗಳನ್ನು ಓದಿದಳು. ನಾನು ಕುಂಕುಮದ ತರ್ಕ ವಿವರಿಸಿದೆ.

‘ಅಣ್ಣ, ಹೋದ್ ಸಲ ನೀನು ಟಿವಿ ರಿಮೋಟ್‌ಗೂ ಕುಂಕುಮ ಇಟ್ಟಿದ್ದೆ ಕಣಣ್ಣ. ಅದ್ನೂ ಇಲ್ಲೇ ಜೋಡಿಸ್ಲಾ?’

ಏಳನೆಯದನ್ನು ಎತ್ತಿ, ಸಂದಿಯಿಂದ ಒಣಗಿದ ನಾರೊಂದನ್ನು ಉಗುರಲ್ಲಿ ಎಳೆದು ತೋರಿಸಿದಳು. ‘ಕಬ್ಬಿನ ಸಿಪ್ಪೆ. ಇದು ಕಬ್ಬಿನ ಹಾಲು ತೆಗಿಯೋ ಗಾಡಿ ಹಿಡಿ. ಮಂಡ್ಯದಲ್ಲಿ ಹುಟ್ಟಿ ಇದು ಗೊತ್ತಾಗ್ನಿಲ್ವಾ?’

ಆಮೇಲೆ ಮೂರನೆಯ ತಟ್ಟೆಯ ಮೇಲೆ ಹೆಬ್ಬೆರಳು ಓಡಿಸಿದಳು. ‘ನೋಡು, ಈ ಕಡೆ ಪೈಂಟ್ ಹಂಗೇ ಅದೆ. ಈ ಕಡೆ ಸವೆದು ಹೊಳೀತಾ ಅದೆ. ಮರ ಓಡಾಡಿರೋದು ಇಲ್ಲೇಯ.’ ಅಡಿಯ ಗೀರಿನಲ್ಲಿದ್ದ ಪುಡಿಯನ್ನು ತಿಕ್ಕಿ ಮೂಸಿದಳು. ‘ಬೇವು. ಬಾಗ್ಲು ಚೌಕಟ್ಟೇ ಮಾಡವ್ರೆ.’ ಬೋಲ್ಟಿನ ತೂತುಗಳ ಅಂತರವನ್ನು ಎರಡು ಬೆರಳಲ್ಲಿ ಅಳೆದು, ಆ ಬೆರಳು ಅಲುಗದಂತೆ ಹಿಡಿದುಕೊಂಡೇ ಯಂತ್ರದ ಸುತ್ತ ನಡೆದು, ತೂತು ಕೊರೆಯುವ ಬೈರಿಗೆಯ ಪಕ್ಕ ನಿಂತಳು. ತಟ್ಟೆ ತಂದಿಟ್ಟಳು. ಟಕ್ಕೆಂದು ಕೂತಿತು. ಮರವನ್ನು ಹಿಡಿದು ಬೈರಿಗೆಯತ್ತ ತಳ್ಳುವ ಮೇಜು ಅದು! ನನಗೆ ಮೈ ಜುಮ್ಮೆಂದಿತು. ಆ ಹೊಳಪು ನನಗೂ ಕಂಡಿತ್ತು; ಅದು ಏನನ್ನೋ ಹೇಳುತ್ತಿದೆ ಎಂದು ಮಾತ್ರ ಅನ್ನಿಸಿರಲಿಲ್ಲ. ಅರ್ಧ ಗಂಟೆಯಲ್ಲಿ ಅವಳು ಉಳಿದ ಆರನ್ನೂ, ತೀರಿಹೋದ ಆ ಬಡಗಿ ಪಕ್ಕದಲ್ಲೇ ನಿಂತು ಹೇಳಿಕೊಡುತ್ತಿದ್ದಾರೇನೋ ಎಂಬಂತೆ, ಗುರುತಿಸಿ ಮುಗಿಸಿದಳು.

ಗುರುವಾರ ಸಂಜೆ ಚಿಕ್ಕಸ್ವಾಮಿಯವರು ಬಂದಾಗ ಆರು ಚೌಕಟ್ಟು ಗೋಡೆಗೆ ಒರಗಿದ್ದವು. ಏಳನೆಯದರ ಉದ್ದನೆಯ ಮರದ ತುದಿಯನ್ನು ನಾನು ಹಿಡಿದುಕೊಂಡಿದ್ದೆ, ತಲೆ ತುಂಬ ಮರದ ಪುಡಿ. ಅವರು ಚೌಕಟ್ಟುಗಳನ್ನು ತಟ್ಟಿ ನೋಡಿ, ‘ನಾಳಿಕ್ ಬೆಳಿಗ್ಗೆ ಗಾಡಿ ಕಳುಸ್ತೀನಿ’ ಎಂದು ಖುಷಿಯಾಗಿ ನನ್ನ ಕಡೆ ತಿರುಗಿದರು.

‘ಹೊಸ ಆಳಾ ಕಣವ್ವ?’

‘ಅಲ್ಲ ಕಣಣ್ಣ, ನಮ್ಮಣ್ಣ. ಬಿ.ಕಾಂ. ಓದವ್ನೆ.’

ನಾನು ಎದೆ ಸೆಟೆಸಿದೆ. ಮರ ಒಂದಂಗುಲ ಜಾರಿತು. ಚಿಕ್ಕಸ್ವಾಮಿಯವರು ನನ್ನ ಕೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, ಭಾಗ್ಯಳಿಗೆ ಸಮಾಧಾನ ಹೇಳುವ ದನಿಯಲ್ಲಿ ಅಂದರು: ‘ಇರ್ಲಿ ಬುಡವ್ವ, ಕಲ್ತ್ಕತಾನೆ.’