ಹತ್ತನೇ ಆಳು

ಸೋಫಾರಾಯರ ಕಾರ್ಖಾನೆಯಲ್ಲಿ ಆ ವರ್ಷ ಹುಟ್ಟಿದ ಸೋಫಾಗಳೆಲ್ಲ ತುಸು ಎಡಕ್ಕೆ ವಾಲಿಕೊಂಡೇ ಹುಟ್ಟುತ್ತಿದ್ದವು. ದೋಷ ಮರದ್ದಲ್ಲ, ಬಡಗಿ ಮೇಸ್ತ್ರಿಯ ಕಣ್ಣಿನದು. ಎರಡೂ ಕಣ್ಣಿಗೆ ಪೊರೆ ಬಂದು, ಮೊಳೆ ಎಲ್ಲಿದೆ ಎಂಬುದನ್ನು ಆತ ಹೆಬ್ಬೆರಳಿನಿಂದ ತಡವಿ ಕಂಡುಹಿಡಿಯುತ್ತಿದ್ದ. ಸುತ್ತಿಗೆ ಮಾತ್ರ ಮೊಳೆ ಬಿಟ್ಟು ಹೆಬ್ಬೆರಳನ್ನೇ ಕಂಡುಹಿಡಿಯುತ್ತಿತ್ತು.

ಆಪರೇಷನ್ ಮಾಡಿಸೋಣವೆಂದರೆ ವಿಮೆಯಿಲ್ಲ. ವಿಮೆ ಮಾಡಿಸೋಣವೆಂದು ರಾಯರು ಎರಡು ಸಲ ಅರ್ಜಿ ಹಾಕಿದರೆ ಎರಡು ಸಲವೂ ಒಂದೇ ಉತ್ತರ: ಪೊರೆ ಮೊದಲೇ ಬಂದುಬಿಟ್ಟಿದೆ, ಆಮೇಲೆ ಬಂದ ವಿಮೆ ಅದಕ್ಕೆ ಅನ್ವಯಿಸದು. (ಪೊರೆ ಶಿಷ್ಟಾಚಾರ ಕಲಿತಿದ್ದರೆ ವಿಮೆಯನ್ನು ಮುಂದೆ ಬಿಟ್ಟು ತಾನು ಹಿಂದೆ ಬರುತ್ತಿತ್ತೋ ಏನೋ.)

ಹೀಗಿರುವಾಗ ಒಂದು ಬೆಳಿಗ್ಗೆ ವಿಮೆ ಏಜೆಂಟ್ ಮುಖವರಳಿಸಿಕೊಂಡು ಬಂದ.

"ಕಾನೂನು ಬದಲಾಯ್ತು ಸಾರ್. ಇನ್ಮೇಲೆ ಹಳೇ ಕಾಯಿಲೆ ಇದೆ ಅಂತ ಯಾರನ್ನೂ ವಾಪಸ್ ಕಳಿಸೋ ಹಾಗಿಲ್ಲ. ನಿಮ್ಮಂಥ ಸಣ್ಣವರಿಗೂ ದೊಡ್ಡ ಕಂಪನಿ ದರದಲ್ಲೇ ಗುಂಪು ವಿಮೆ. ಗುಂಪು ಅಂದ್ರೆ ಹತ್ತು ನೌಕರರು ಇರಬೇಕು, ಅಷ್ಟೇ."

ರಾಯರು ಎಣಿಸಿದರು. ಒಂಬತ್ತು. ಬಾಗಿಲ ಕಡೆಯಿಂದ ಮತ್ತೆ ಎಣಿಸಿದರು. ಆಗಲೂ ಒಂಬತ್ತೇ. ಅಷ್ಟರಲ್ಲಿ ಮೇಸ್ತ್ರಿ ಮೂಲೆಯಲ್ಲಿದ್ದ ದಿಂಬಿನ ರಾಶಿಗೆ "ಸ್ವಲ್ಪ ಸರೀರಿ ಯಜಮಾನ್ರೇ" ಎಂದು ವಿನಯದಿಂದ ಹೇಳಿದ. ಇನ್ನು ತಡಮಾಡುವಂತಿರಲಿಲ್ಲ. ರಾಯರ ತಲೆಯಲ್ಲಿ ಮಹಾನ್ ಯೋಜನೆಯೊಂದು ಮಿಂಚಿತು.

ಮಧ್ಯಾಹ್ನ ಮನೆಗೆ ಹೋದಾಗ ಹೆಂಡತಿ ಬಟ್ಟೆ ಮಡಚುತ್ತಿದ್ದಳು.

"ಲೇ, ನಿನಗೊಂದು ಕೆಲಸ ಕೊಡೋಣ ಅಂತಿದ್ದೀನಿ."

"ಇರೋದು ಸಾಲ್ದಾ?"

"ಅದಲ್ಲ ಕಣೇ. ಕಾರ್ಖಾನೇಲಿ. ಬರೀ ಕಾಗದದ ಮೇಲೆ. ನೀನು ಬರೋದೂ ಬೇಡ, ಮಾಡೋದೂ ಬೇಡ."

"ಹನ್ನೆರಡು ವರ್ಷದಿಂದ ನಿಮ್ಮ ಬಿಲ್ಲು ಬರೆಯೋಳು ಯಾರು? ಗಿರಾಕಿ ಫೋನಲ್ಲಿ ಬೈದ್ರೆ ಬೈಸಿಕೊಳ್ಳೋಳು ಯಾರು? ಅದೆಲ್ಲ ಕಾಗದ ಇಲ್ದೇ ಮಾಡಿದ್ದು. ಈಗ ಕಾಗದ ಬಂತು, ಕೆಲಸ ಬೇಡ ಅಂತೀರಾ?" ಆಕೆ ಅವರ ಅಂಗಿಯ ತೋಳನ್ನು ಹಿಂದಕ್ಕೆ ಕಟ್ಟಿ ಮಡಚಿದಳು. "ಮೇಸ್ತ್ರಿ ಕಣ್ಣಿನ ವಿಷಯ. ಅದರಲ್ಲಿ ಸುಳ್ಳು ಬೇಡ. ಮಾಡಿದ್ರೆ ನಿಜವಾಗ್ಲೂ ಮಾಡ್ತೀನಿ. ಕೆಲಸಕ್ಕೆ ಸೇರಿಸಿಕೊಂಡ ಆರ್ಡರ್ ಕೊಡಿ, ಸಂಬಳ ಬರೀರಿ, ಸೋಮವಾರ ಬರ್ತೀನಿ."

ಕೈಹಿಡಿದವಳನ್ನು ಕೆಲಸಕ್ಕೆ ಹಿಡಿಯುವುದು ಇಷ್ಟು ಸುಲಭವೆಂದು ರಾಯರು ಎಣಿಸಿರಲಿಲ್ಲ. ಖುಷಿಯಿಂದ ಸಹಿ ಹಾಕಿದರು.

ಸೋಮವಾರ ಒಂಬತ್ತಕ್ಕೆ ಸರಿಯಾಗಿ ಹೊಸ ಗುಮಾಸ್ತೆ ಹಾಜರ್. ಮಾಲೀಕರು ಬಂದದ್ದು ಒಂಬತ್ತೂ ಇಪ್ಪತ್ತಕ್ಕೆ. ಆಕೆ ಗಡಿಯಾರ ನೋಡಿದಳು, ಅಷ್ಟೇ. ಮನೆಯಲ್ಲಾಗಿದ್ದರೆ ಹೇಳುತ್ತಿದ್ದಳು, ಅವರು ಎದುರುತ್ತರ ಕೊಡುತ್ತಿದ್ದರು, ಮುಗಿಯುತ್ತಿತ್ತು. ಗಡಿಯಾರಕ್ಕೆ ಏನೆಂದು ಎದುರುತ್ತರ ಕೊಡುವುದು?

ಮಂಗಳವಾರದ ಹೊತ್ತಿಗೆ ಆಕೆ ಒಂದು ಘನಘೋರ ಸತ್ಯವನ್ನು ಹೊರಗೆಡಹಿದಳು. ಊರಿನ ಬೆನ್ನುಗಳಿಗೆಲ್ಲ ಸುಖ ಹಂಚುವ ಆ ಕಾರ್ಖಾನೆಯಲ್ಲಿ ಹತ್ತು ಜನ ಆಳುಗಳೂ ಬೆನ್ನಿಲ್ಲದ ಸ್ಟೂಲುಗಳ ಮೇಲೆ ಕೂತಿದ್ದರು.

"ಸೋಫಾ ಮಾಡೋರು ಸೋಫಾ ಮೇಲೆ ಕೂತ್ರೆ ಮಾರೋದೇನನ್ನ?" ಎಂದರು ರಾಯರು.

"ಎಡಕ್ಕೆ ವಾಲಿರೋವು ಹೇಗೂ ಮಾರಾಟ ಆಗ್ತಿಲ್ವಲ್ಲ ಯಜಮಾನ್ರೇ," ಎಂದಳು ಆಕೆ.

ಮನೆಯಲ್ಲಿ 'ರೀ' ಎನ್ನುವವಳು ಅಲ್ಲಿ 'ಯಜಮಾನ್ರೇ' ಎಂದಾಗಲೆಲ್ಲ ರಾಯರು ಅಂಗಿಯ ಗುಂಡಿ ಹಾಕಿಕೊಂಡು ನೆಟ್ಟಗೆ ನಿಲ್ಲುತ್ತಿದ್ದರು. ವಾಲಿದ ಸೋಫಾಗಳು ಒಳಕ್ಕೆ ಬಂದವು. ಟೀಗೆ ಹತ್ತು ನಿಮಿಷದ ಬಿಡುವು ಬಂತು. ವಿಮೆ ಕಂಪನಿಯವರು ನೌಕರರ ಪರವಾಗಿ ಒಬ್ಬರನ್ನು ಆರಿಸಿ ಎಂದಾಗ ಒಂಬತ್ತೂ ಜನ "ಅಕ್ಕಾನೇ ಇರ್ಲಿ" ಎಂದರು. ಆಳಾಗಿ ಬಂದವಳು ಹದಿನೈದೇ ದಿನದಲ್ಲಿ ಆಳತೊಡಗಿದ್ದಳು.

ಆದರೂ ಪಾಲಿಸಿ ಬಂತು, ಅದು ಮುಖ್ಯ. ಮೇಸ್ತ್ರಿಗೆ ಮೊದಲು ಒಂದು ಕಣ್ಣು, ತಿಂಗಳು ಬಿಟ್ಟು ಇನ್ನೊಂದು ಕಣ್ಣು ಆಪರೇಷನ್ ಆಯಿತು. ಕಪ್ಪು ಕನ್ನಡಕ ತೆಗೆದ ದಿನ ಆತ ಕಾರ್ಖಾನೆಯ ನಡುವೆ ನಿಂತು, ಹೊಸದಾಗಿ ಹುಟ್ಟಿದವನಂತೆ ಒಂದೊಂದನ್ನೇ ನೋಡಿದ. ಬಟ್ಟೆಯ ಬಣ್ಣ ನೋಡಿದ, ಗರಗಸದ ಹಲ್ಲು ನೋಡಿದ, ತನ್ನ ಹೆಬ್ಬೆರಳನ್ನು ಬಹಳ ಹೊತ್ತು ಮರುಕದಿಂದ ನೋಡಿದ. ಕೊನೆಗೆ ವಾಲಿದ ಸೋಫಾದ ಮುಂದೆ ಬಂದು ಹುಬ್ಬು ಗಂಟಿಕ್ಕಿದ.

"ಯಾವ ದಡ್ಡ ಮಾಡಿದ್ದು ಇದನ್ನ?"

ಎಲ್ಲರೂ ರಾಯರ ಮುಖ ನೋಡಿದರು. ರಾಯರೇ ಮೆಲ್ಲಗೆ, "ಮೇಸ್ತ್ರಿ, ಅದು ನೀನೇ," ಎಂದರು. ಮೊದಲು ನಕ್ಕವನು ಮೇಸ್ತ್ರಿಯೇ. ಆಮೇಲೆ ಇಡೀ ಕಾರ್ಖಾನೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ರಾಯರು ನಗುತ್ತಲೇ ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಆ ಉತ್ಸಾಹದಲ್ಲೇ ಎಡವಟ್ಟಾದದ್ದು. "ಎಲ್ಲರೂ ಸರೀರಿ, ಇದನ್ನ ನಾನೇ ಆಚೆಗೆ ಹಾಕ್ತೀನಿ" ಎಂದು ಮೂವರು ಕೂರುವ ಸೋಫಾವನ್ನು ರಾಯರು ಒಬ್ಬರೇ ಎತ್ತಿದರು. ಸೋಫಾ ಅರ್ಧ ಮೊಳ ಎದ್ದಿತು. ಸೊಂಟ ಹಿಡಿಯಿತು. ಎತ್ತಿದ ಭಂಗಿಯಲ್ಲೇ ಅವರನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು.

ಸ್ಟ್ರೆಚರ್ ಮೇಲೆ ಮಗ್ಗುಲಾಗಿ ಮಲಗಿ, ನೋವಿನಲ್ಲೂ ಗತ್ತು ಬಿಡದೆ ರಾಯರು ಕೌಂಟರಿನ ಹುಡುಗಿಗೆ ಹೇಳಿದರು: "ನಮ್ಮದೇ ಕಾರ್ಖಾನೆಯಮ್ಮ. ಇಡೀ ಪಾಲಿಸಿ ಮಾಡಿಸಿದ್ದೇ ನಾನು. ನನ್ನ ಹೆಸರು ಮೇಲೇ ಇರುತ್ತೆ."

ಹುಡುಗಿ ಹತ್ತೂ ಹೆಸರು ನೋಡಿದಳು. "ಇಲ್ವಲ್ಲ ಸಾರ್. ಇದು ನೌಕರರ ವಿಮೆ. ಮಾಲೀಕರು ಇದರಲ್ಲಿ ಬರಲ್ಲ."

ರಾಯರ ಸೊಂಟದಲ್ಲಿ ಇನ್ನೊಮ್ಮೆ ಚಳುಕು ಹೊಡೆಯಿತು. ಆಗ ಹೆಂಡತಿ ಚೀಲದಿಂದ ತನ್ನ ಕಾರ್ಡು ತೆಗೆದು ಮುಂದಿಟ್ಟಳು. "ನನ್ನ ಕಾರ್ಡಲ್ಲಿ ನೋಡಿ. ಕೆಳಗಡೆ ಇದ್ದಾರೆ."

ಹುಡುಗಿ ಗಟ್ಟಿಯಾಗಿ ಓದಿದಳು. "ಹಾಂ, ಇದ್ದಾರೆ. ಅವಲಂಬಿತರು, ಗಂಡ ಒಬ್ಬ."

"ನಾನು ಅವಲಂಬಿತನಾ?" ಎಂದರು ರಾಯರು.

"ಹಾಗಂತ ಬರೆದಿದ್ದಕ್ಕೇ ಈಗ ಒಳಗೆ ಕರ್ಕೊಂಡು ಹೋಗ್ತಾರೆ. ಸುಮ್ನೆ ಮಲಗಿ," ಎಂದು ಆಕೆ ಹೊದಿಕೆ ಸರಿಮಾಡಿ, ಅದೇ ಚೀಲದಿಂದ ಮಡಚಿದ ಕಾಗದವೊಂದನ್ನೂ ಪೆನ್ನನ್ನೂ ತೆಗೆದಳು. "ಇದಕ್ಕೊಂದು ಸಹಿ ಹಾಕಿ ಯಜಮಾನ್ರೇ."

ರಾಯರು ಕಣ್ಣು ಕಿರಿದು ಮಾಡಿ ಓದಿದರು: 'ನನ್ನ ಅವಲಂಬಿತರಿಗೆ ಮೈಯಲ್ಲಿ ಹುಷಾರಿಲ್ಲದ ಕಾರಣ ಇಂದು ಅರ್ಧ ದಿನ ಸಂಬಳಸಹಿತ ರಜೆ ಮಂಜೂರು ಮಾಡಬೇಕಾಗಿ ವಿನಂತಿ.'

ಮಲಗಿದಲ್ಲೇ ಮಂಜೂರು ಮಾಡಿದರು.