ಮರುಳಸಿದ್ದಯ್ಯನವರ ಲಂಕಾಯಾತ್ರೆ

ಮರುಳಸಿದ್ದಯ್ಯನವರಿಗೆ ಸೈಕಲ್ ಹತ್ತಲು ಬರುತ್ತಿತ್ತು, ತುಳಿಯಲು ಬರುತ್ತಿತ್ತು, ಇಳಿಯಲು ಮಾತ್ರ ಬರುತ್ತಿರಲಿಲ್ಲ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಸೈಕಲ್ ಕಲಿಸುತ್ತಿದ್ದ ಕಚೇರಿಯ ಜವಾನ ಅಡವಯ್ಯ ಮೊದಲ ವಾರ ಹತ್ತುವುದನ್ನೂ ಎರಡನೆಯ ವಾರ ತುಳಿಯುವುದನ್ನೂ ಹೇಳಿಕೊಟ್ಟು, ಇಳಿಯುವ ಪಾಠವನ್ನು ಮೂರನೆಯ ವಾರಕ್ಕೆ ಇಟ್ಟುಕೊಂಡಿದ್ದ. ಅಷ್ಟರಲ್ಲಿ ಅವನಿಗೆ ಪಾವಗಡಕ್ಕೆ ವರ್ಗವಾಯಿತು.

ಅಂದಿನಿಂದ ಅವರನ್ನು ಇಳಿಸುವ ಕೆಲಸ ಹೆಂಡತಿ ಶಿವರುದ್ರಮ್ಮನವರ ಪಾಲಿಗೆ ಬಂತು. ಸಂಜೆ ಬೀದಿಯ ತುದಿಯಲ್ಲಿ ಬೆಲ್ಲು ಕೇಳಿಸಿದೊಡನೆ ಆಕೆ ಒಲೆಯ ಮೇಲಿನದನ್ನು ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿಗೆ ಬರುವರು. ಕಣ್ಣಿ ಕಿತ್ತುಕೊಂಡು ಓಡಿಬರುವ ಕರುವನ್ನು ತಡೆಯುವ ಹಾಗೆ ಹ್ಯಾಂಡಲ್ಲಿಗೆ ಎರಡೂ ಕೈ ಹಾಕಿ ನಿಲ್ಲಿಸುವರು. ಮರುಳಸಿದ್ದಯ್ಯನವರು ಇಳಿದು ಪಂಚೆ ಕೊಡವಿಕೊಂಡು, "ಇವತ್ತು ಸ್ವಲ್ಪ ಸಲೀಸಾಯ್ತು" ಎನ್ನುವರು. "ಹೂಂ, ಸಲೀಸಾಯ್ತು" ಎಂದು ಆಕೆ ಒಳಗೆ ಹೋಗುವರು.

ಇಷ್ಟರಲ್ಲೇ ಇದ್ದಿದ್ದರೆ ಗಂಡ ಹೆಂಡತಿ ಸುಖವಾಗಿಯೇ ಇರುತ್ತಿದ್ದರು. ಆದರೆ ಬೆಂಗಳೂರಿನ ಒಂದು ಸೈಕಲ್ ಸಂಘದವರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರು. ಹನ್ನೆರಡು ದಿನ ಲಂಕಾದ್ವೀಪದ ಈ ತುದಿಯಿಂದ ಆ ತುದಿಗೆ ಸೈಕಲ್ ಪ್ರವಾಸ. ದಾರಿ ಬಲ್ಲ ಗೈಡು ಜೊತೆಗಿರುತ್ತಾರೆ. ಸಾಮಾನು ಸರಂಜಾಮಿಗೆ ಹಿಂದಿನಿಂದ ಒಂದು ವ್ಯಾನು. ತಂಡ ಚಿತ್ರದುರ್ಗದ ಕಡೆಯಿಂದ ಬರುತ್ತ ಡಿಸೆಂಬರಿನ ಮೂರನೆಯ ಭಾನುವಾರ ಶಿರಾದ ಪ್ರವಾಸಿ ಬಂಗಲೆಯಲ್ಲಿ ಊಟಕ್ಕೆ ನಿಲ್ಲುತ್ತದೆ. ಸೇರುವವರು ಮಧ್ಯಾಹ್ನದೊಳಗೆ ಸೈಕಲ್ ಸಮೇತ ಅಲ್ಲಿಗೆ ಬರಬೇಕು.

ಮರುಳಸಿದ್ದಯ್ಯನವರು ಮಧುಗಿರಿಯ ಕಚೇರಿಯಲ್ಲಿ ಹದಿನೇಳು ವರ್ಷದಿಂದ ಜಮೀನಿನ ಪತ್ರಗಳ ನಕಲು ಬರೆಯುತ್ತಿದ್ದವರು. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಗೋಮಾಳ, ದಕ್ಷಿಣಕ್ಕೆ ಬಂಡಿಜಾಡು ಎಂದು ಸಾವಿರಾರು ಹೊಲಗಳ ಚಕ್ಕುಬಂದಿ ಬರೆದ ಕೈ ಅದು. ನಾಲ್ಕು ದಿಕ್ಕಿಗೂ ಬರೀ ನೀರೇ ಇರುವ ನೆಲ ಹೇಗಿದ್ದೀತೆಂದು ಯೋಚಿಸುತ್ತ ಅವರು ಒಂದು ರಾತ್ರಿ ನಿದ್ದೆಗೆಟ್ಟರು. ಸಮುದ್ರವನ್ನು ಅವರು ಕಂಡವರಲ್ಲ. ಮಾರನೆಯ ದಿನ ಹೆಸರು ಕಳಿಸಿದರು, ಹದಿನೈದು ದಿನದ ರಜಾ ಬರೆದರು.

ವಿಷಯವನ್ನು ಗುಟ್ಟಾಗಿಡಬೇಕೆಂದು ಪಕ್ಕದ ಮನೆಯ ನಾಗಲಿಂಗಯ್ಯನವರೊಬ್ಬರಿಗೆ ಹೇಳಿದ್ದೇ ತಪ್ಪಾಯಿತು. ನಾಗಲಿಂಗಯ್ಯನವರು ಬೆಲ್ಲದ ವ್ಯಾಪಾರಿ. ಮದುವೆಯಾಗಲಿ ಸಾವಾಗಲಿ, ಇನ್ನೊಬ್ಬರ ಮನೆಯ ಕೆಲಸವೆಂದರೆ ತಮ್ಮ ಅಂಗಡಿಯ ಬಾಗಿಲು ಹಾಕಿಕೊಂಡು ಬರುವವರು. ಆ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಮರುಳಸಿದ್ದಯ್ಯನವರು ಬಾಗಿಲು ತೆಗೆದರೆ ಬೀದಿ ತುಂಬ ಜನ, ಜೊತೆಗೆ ಓಲಗ. ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು. ನಾಗಲಿಂಗಯ್ಯನವರು ಜಗುಲಿ ಹತ್ತಿ ಭಾಷಣ ಮಾಡಿದರು.

"ಅಂದು ಆಂಜನೇಯ ಹಾರಿಕೊಂಡು ಹೋದ. ಇಂದು ನಮ್ಮ ಮರುಳಸಿದ್ದಯ್ಯನವರು ತುಳಿದುಕೊಂಡು ಹೋಗ್ತಾರೆ. ಹಾರೋದು ಸುಲಭ, ತುಳಿಯೋದೇ ಕಷ್ಟ."

ಜನ ಚಪ್ಪಾಳೆ ತಟ್ಟಿದರು. ಒಬ್ಬರು ಲಾಟೀನು ತಂದುಕೊಟ್ಟರು, ಒಬ್ಬರು ಕಂಬಳಿ, ಒಬ್ಬರು ಒಂದು ಜಾಡಿ ಮಾವಿನ ಉಪ್ಪಿನಕಾಯಿ. ಎಲ್ಲವನ್ನೂ ನಾಗಲಿಂಗಯ್ಯನವರೇ ಹ್ಯಾಂಡಲ್ಲಿನ ಎರಡೂ ಕಡೆಗೆ ಹಂಚಿ ಕಟ್ಟಿದರು. ಸೈಕಲ್ಲು ಸಂತೆಗೆ ಹೊರಟ ಕತ್ತೆಯ ಹಾಗೆ ಕಾಣತೊಡಗಿತು.

ಶಿವರುದ್ರಮ್ಮನವರು ರೊಟ್ಟಿಯ ಗಂಟು ಕೊಡುತ್ತ ಮೆಲ್ಲಗೆ ಕೇಳಿದರು. "ಅಲ್ಲಿ ನಿಮ್ಮನ್ನ ಇಳಿಸೋರು ಯಾರು?"

"ದ್ವೀಪ ತಾನೇ? ಎತ್ತ ಹೋದರೂ ಕೊನೆಗೆ ಸಮುದ್ರ ಬಂದು ನಿಲ್ಲಿಸ್ತದೆ."

ಆಕೆಗೆ ನಗು ಬಂತು. ನಗುವಿನ ಜೊತೆಗೆ ಕಣ್ಣಲ್ಲಿ ನೀರೂ ಬಂತು. ಅದನ್ನು ನೋಡಿದರೆ ಹೊರಡಲಾಗದೆಂದು ಮರುಳಸಿದ್ದಯ್ಯನವರು ಜಗುಲಿಯ ಅಂಚಿನಿಂದ ಸೈಕಲ್ ಹತ್ತಿ, ತಿರುಗಿ ನೋಡದೆ ತುಳಿದರು. ತಿರುಗಿ ನೋಡಿದರೆ ಬೀಳುತ್ತಿದ್ದರು ಎಂಬುದೂ ನಿಜ.

ಮಧುಗಿರಿಯಿಂದ ಶಿರಾಕ್ಕೆ ಇಪ್ಪತ್ತು ಮೈಲಿಯ ಮೇಲಾಗುತ್ತದೆ. ಅರ್ಧ ದಾರಿಯವರೆಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಹುಣಸೆಹಳ್ಳಿಯ ಹತ್ತಿರ ಬಾಯಾರಿಕೆ ತಡೆಯಲಾರದೆ, ರಸ್ತೆ ಪಕ್ಕದಲ್ಲಿ ಹುಲ್ಲಿನ ಬಣವೆ ಕಂಡದ್ದೇ ಅವರು ಕಣ್ಣುಮುಚ್ಚಿ ಅದರೊಳಕ್ಕೆ ಸೈಕಲ್ ನುಗ್ಗಿಸಿದರು. ಕಣ್ಣು ತೆರೆದಾಗ ಒಬ್ಬ ಮುದುಕಿ ಅವರ ತೋಳು ಹಿಡಿದು ಈಚೆಗೆ ಎಳೆಯುತ್ತಿದ್ದಳು. ಬಗಲಲ್ಲಿ ಬಟ್ಟೆಯ ಗಂಟು, ಮುಖದಲ್ಲಿ ಸಿಟ್ಟು.

"ಯಾಕಪ್ಪ, ಕಣ್ ಕಾಣಕ್ಕಿಲ್ವಾ?"

"ಕಾಣ್ತದವ್ವ. ಇಳಿಯೋಕೆ ಬರಲ್ಲ."

ಮುದುಕಿ ಅವರನ್ನು ಮೇಲಿಂದ ಕೆಳಕ್ಕೆ ನೋಡಿದಳು. ಹಾರ ನೋಡಿ ಮದುವೆ ಗಂಡು ಇರಬಹುದೇ ಎಂದು ಅನುಮಾನಪಟ್ಟು, ವಯಸ್ಸು ನೋಡಿ ಬಿಟ್ಟಳು. "ಎಲ್ಲಿಗೆ ಹೊಂಟೆ?"

"ಶಿರಾಕ್ಕೆ."

"ನಾನೂ ಅಲ್ಲೀಗೇಯ. ಬೆಳಗ್ಗಿಂದ ಕುಂತಿವ್ನಿ, ಆ ಹಾಳು ಬಸ್ಸು ಬರ್ನೇ ಇಲ್ಲ."

ಅವಳ ಹೆಸರು ಲಕ್ಕಮ್ಮ. ನೀರು ಕೊಟ್ಟಳು, ಬೈಗಳನ್ನೂ ಕೊಟ್ಟಳು, ಮರುಳಸಿದ್ದಯ್ಯನವರು ಹತ್ತುವವರೆಗೆ ಸೈಕಲ್ಲನ್ನು ನೊಗಕ್ಕೆ ಹೂಡುವ ಎತ್ತಿನಂತೆ ಗಟ್ಟಿಯಾಗಿ ಹಿಡಿದುಕೊಂಡಳು. ಹಿಂದಿನಿಂದ ಒಂದು ಸಲ ನೂಕಿದಳು. ನಾಲ್ಕು ಮಾರು ಹೋದ ಮೇಲೆ ಸೈಕಲ್ಲು ಇದ್ದಕ್ಕಿದ್ದ ಹಾಗೆ ಭಾರವಾಯಿತು.

"ಅವ್ವಾ, ಹಿಂದೆ ಕೂತ್ರಾ?"

"ಕುಂತೆ ಕಣಪ್ಪ. ನಿಲ್ಲಿಸ್ಬ್ಯಾಡ. ನೀನು ನಿಲ್ಸಿದ್ರೆ ಇಬ್ರೂ ಬೀಳ್ತೀವಿ."

ಮಾತು ಸರಿಯಾಗಿಯೇ ಇತ್ತು. ಮರುಳಸಿದ್ದಯ್ಯನವರು ತುಳಿದರು. ಲಕ್ಕಮ್ಮ ಹಿಂದಿನಿಂದ ದಾರಿ ಹೇಳುತ್ತ ಹೋದಳು. "ಎಡಕ್ಕೆ ತಿರುಗ್ಸು, ಗುಂಡಿ ಐತೆ. ಲೇ, ಎಮ್ಮೆ ಹೊಡ್ಕಳ್ಲಾ, ಈ ಸ್ವಾಮಿಗೆ ಇಳಿಯಾಕ್ ಬರಕ್ಕಿಲ್ಲ." ಎಮ್ಮೆಗಳು ಸರಿದವು, ಗಾಡಿಗಳು ಸರಿದವು, ಒಂದು ಊರಿನಲ್ಲಿ ಅಮಲ್ದಾರರು ಬಂದರೆಂದು ನಾಲ್ಕು ಜನ ಎದ್ದು ನಿಂತು ಕೈಮುಗಿದರು.

ದಾರಿ ನೇರವಾದ ಮೇಲೆ ಅವಳು ತನ್ನ ಕತೆ ಹೇಳಿದಳು. ಬೆಳಿಗ್ಗೆ ಸೊಸೆ ಅಶ್ವತ್ಥಮ್ಮ ಅವಳು ಮಾಡಿದ ಸಾರಿಗೆ ಉಪ್ಪು ಹೆಚ್ಚು ಎಂದಿದ್ದಳು. ಮಗ ಚಿಕ್ಕರಂಗಯ್ಯ ಬಾಯಿ ಬಿಡದೆ ಸಾರು ಉಂಡಿದ್ದ.

"ನಲವತ್ ವರ್ಸದಿಂದ ಬೇಯಿಸ್ ಹಾಕಿವ್ನಿ. ಚೆನ್ನಾಗೈತೆ ಅಂತ ಒಂದಿನ ಒಬ್ರೂ ಅನ್ನಿಲ್ಲ. ಅವ್ಳು ಬಸುರಿ, ಬಾಯಿ ಕೆಟ್ಟಿರ್ತದೆ, ಅಂದ್ಕಳ್ಲಿ. ಇವ್ನಿಗೇನಾಗಿತ್ತು? ಅದ್ಕೇಯ, ಶಿರಾದಾಗಿರೋ ತಂಗಿ ಮನೇಗೆ ಹೊಂಟ್ಬುಟ್ಟೆ. ಹದಿನೈದ್ ದಿನ ಈ ಕಡೆ ತಲೆ ಹಾಕಕ್ಕಿಲ್ಲ. ನೀನ್ಯಾಕಪ್ಪ ಈ ಪಾಟಿ ಗಂಟು ಕಟ್ಕೊಂಡ್ ಹೊಂಟಿದ್ದೀಯ?"

ಮರುಳಸಿದ್ದಯ್ಯನವರು ಏದುಸಿರು ಬಿಡುತ್ತಲೇ ಲಂಕೆಯ ವಿಷಯ ಹೇಳಿದರು. ಹೆಂಡತಿಗೂ ಬಿಡಿಸಿ ಹೇಳದಿದ್ದ ಮಾತು ಬೆನ್ನ ಹಿಂದೆ ಕೂತ ಮುದುಕಿಗೆ ಹೇಳಲು ಸುಲಭವಾಯಿತು. ನಿಂತ ಕಡೆಯಿಂದ ಎತ್ತ ನೋಡಿದರೂ ಯಾರ ಹೊಲವೂ ಕಾಣದ, ಯಾರ ಹೆಸರೂ ಬರೆಯಬೇಕಾಗಿಲ್ಲದ ಜಾಗವನ್ನು ಒಂದು ಸಲ ನೋಡಿದರೆ ಸಾಕು ಎಂದರು.

ಲಕ್ಕಮ್ಮ "ನೋಡ್ಕಂಬಾ ಮಗ" ಎಂದು ಅವರ ಬೆನ್ನು ತಟ್ಟಿದಳು.

ಶಿರಾದ ಬಂಗಲೆಯ ಅಂಗಳದಲ್ಲಿ ಎಂಟು ಜನ ತರುಣರು ಚಡ್ಡಿ ಹಾಕಿಕೊಂಡು ಹಸಿದು ಕೂತಿದ್ದರು. ಗೈಡು ರುದ್ರಯ್ಯನವರು ಕೊರಳಲ್ಲಿ ಸೀಟಿ, ಕೈಯಲ್ಲಿ ಪಟ್ಟಿ ಹಿಡಿದು ನಿಂತಿದ್ದರು. ಅಡುಗೆಯವನು ಹಿರಿಯೂರಿನಲ್ಲಿ ಜ್ವರ ಬಂದು ಹಿಂದಕ್ಕೆ ಹೋಗಿದ್ದ. ಮೂರು ಕಲ್ಲಿನ ಒಲೆಯ ಮೇಲೆ ತರುಣರೇ ಇಟ್ಟಿದ್ದ ಪಾತ್ರೆಯಿಂದ ಸೀದ ವಾಸನೆ ಬರುತ್ತಿತ್ತು. ಆ ಹೊತ್ತಿಗೆ ಹಾರ, ಲಾಟೀನು, ಕಂಬಳಿ, ಜಾಡಿ, ಮುದುಕಿ ಎಲ್ಲವನ್ನೂ ಹೊತ್ತ ಒಂದು ಸೈಕಲ್ಲು ಗೇಟಿನೊಳಗೆ ಬಂದು ಅಂಗಳವನ್ನು ಒಂದು ಸುತ್ತು ಹಾಕಿತು.

"ಇಷ್ಟು ಭಾರ ಹೊತ್ತು ಮಧುಗಿರಿಯಿಂದ ಬಂದ್ರಾ?" ಎಂದು ರುದ್ರಯ್ಯನವರು ಮೆಚ್ಚಿಕೊಂಡು ಕೇಳಿದರು. "ನಿಮ್ಮಂಥೋರೇ ಬೇಕಾಗಿತ್ತು. ಇಳೀರಿ, ಇಳೀರಿ."

"ಅದೇ ಸ್ವಾಮಿ ವಿಷಯ..." ಎನ್ನುತ್ತ ಮರುಳಸಿದ್ದಯ್ಯನವರು ಮುಂದೆ ಹೋದರು.

ಎರಡನೆಯ ಸುತ್ತಿನಲ್ಲಿ, "ನಮ್ಮ ಅಡವಯ್ಯನಿಗೆ ವರ್ಗವಾಗಿ..." ಎಂದರು.

ಮೂರನೆಯ ಸುತ್ತಿನಲ್ಲಿ ಲಕ್ಕಮ್ಮ ಪಾತ್ರೆಯ ಹೊಗೆ ನೋಡಿದವಳೇ, "ಅಯ್ಯೋ, ಬೇಳೆ ತಳ ಹಿಡೀತು ಕಣ್ರಲಾ" ಎನ್ನುತ್ತ ಗೋಡೆಯಿಂದ ಜಿಗಿಯುವ ಬೆಕ್ಕಿನ ಹಾಗೆ ಕೆಳಕ್ಕೆ ಹಾರಿ ಒಲೆಯ ಕಡೆ ಓಡಿದಳು. ಹಿಂದಿನ ಭಾರ ತಪ್ಪಿದ ಸೈಕಲ್ಲು ಮುಂದಕ್ಕೆ ಚಿಮ್ಮಿ, ಸವಾರರ ಸಮೇತ ದಾಸವಾಳದ ಗಿಡದೊಳಗೆ ಮುಗಿಯಿತು.

ರುದ್ರಯ್ಯನವರು ಒಳ್ಳೆಯವರು. ತಾವೇ ಕೈಹಿಡಿದು ಎಬ್ಬಿಸಿದರು, ಕೋಟಿನ ಧೂಳು ಕೊಡವಿದರು, ವಿಷಯ ಕೇಳಿ ತಿಳಿದುಕೊಂಡರು. ಆಮೇಲೆ ಮೆಲುದನಿಯಲ್ಲಿ ಹೇಳಿದರು. "ತಪ್ಪು ತಿಳೀಬೇಡಿ. ಅಲ್ಲಿ ನಡುಮಧ್ಯದಲ್ಲಿ ಬೆಟ್ಟ ಇದೆ. ಮೂರು ದಿನ ಹತ್ತೋದು, ಮೂರು ದಿನ ಬರೀ ಇಳಿಯೋದು. ನಿಮ್ಮನ್ನ ಕರೆದುಕೊಂಡು ಹೋಗಿ ನಿಮ್ಮ ಮನೆಯವರಿಗೆ ನಾನೇನು ಹೇಳಲಿ? ಮುಂದಿನ ವರ್ಷ ಬನ್ನಿ."

ಮರುಳಸಿದ್ದಯ್ಯನವರು ತಲೆಯಾಡಿಸಿದರು. ಬೇವಿನ ಮರದ ಕೆಳಗೆ ಹೋಗಿ, ಕೊರಳಿನ ಹಾರ ತೆಗೆದು ಪಕ್ಕಕ್ಕಿಟ್ಟು, ಗೇಟಿನ ಕಡೆ ನೋಡುತ್ತ ಕೂತರು. ಎಷ್ಟು ಹೊತ್ತಾಯಿತೋ, ಲಕ್ಕಮ್ಮ ಬಂದು ರಟ್ಟೆ ಹಿಡಿದು ಎಬ್ಬಿಸಿದಳು. "ಉಣ್ಣು ಬಾ. ಹಸ್ಕೊಂಡು ಅಳಬಾರ್ದು."

ತರುಣರು ಅಷ್ಟು ಹೊತ್ತಿಗೆ ಮೂರನೆಯ ಸಲ ಬಡಿಸಿಕೊಳ್ಳುತ್ತಿದ್ದರು. ಒಬ್ಬ ಎಲೆಯಿಂದ ತಲೆಯೆತ್ತದೆ, "ಅಜ್ಜಿ, ಸಾರು ಬಹಳ ಚೆನ್ನಾಗಿದೆ" ಎಂದ. ಇನ್ನೊಬ್ಬನೂ ಅದನ್ನೇ ಹೇಳಿದ. ಲಕ್ಕಮ್ಮ ಕೇಳದೆಯೇ ಇಬ್ಬರ ಎಲೆಗೂ ಇನ್ನೊಂದು ಸೌಟು ಬಡಿಸಿದಳು. ಮರುಳಸಿದ್ದಯ್ಯನವರಿಗೆ ಸಾರಿನಲ್ಲಿ ಉಪ್ಪು ಒಂದು ಚೂರು ಮುಂದಾಗಿದೆ ಎನಿಸಿತು. ಆದರೆ ಇಪ್ಪತ್ತು ಮೈಲಿ ಬೆವರು ಸುರಿಸಿದ ದೇಹಕ್ಕೆ ಅದೇ ಹಿತವಾಗಿತ್ತು. ಎಂಟು ತರುಣರು ದಿನವೆಲ್ಲ ಬೆವರು ಸುರಿಸುವವರೇ.

ಊಟವಾದ ಮೇಲೆ ರುದ್ರಯ್ಯನವರು ಕೇಳಿಯೇಬಿಟ್ಟರು. "ಅಮ್ಮ, ಹದಿನೈದು ದಿನ ನಮಗೆ ಹೀಗೇ ಬೇಯಿಸಿ ಹಾಕ್ತೀರಾ? ವ್ಯಾನಿನಲ್ಲಿ ಕೂತುಕೊಂಡು ಬಂದರೆ ಸಾಕು, ಅಡುಗೆಯವನ ಹಡಗಿನ ಚೀಟಿ ಇದ್ದೇ ಇದೆ."

ಲಕ್ಕಮ್ಮ ಮರುಳಸಿದ್ದಯ್ಯನವರ ಎದುರಿಗೆ ಬಂದು ಕುಕ್ಕರಗಾಲಿನಲ್ಲಿ ಕೂತಳು. "ನೀನು ಹೋಗ್ಬೇಕಾಗಿದ್ದ ಜಾಗ. ನಾನು ಹೋಗ್ಲಾ?"

ಮರುಳಸಿದ್ದಯ್ಯನವರು, "ಹೋಗವ್ವ. ನೋಡಿಕೊಂಡು ಬಾ" ಎಂದರು. ಉಪ್ಪಿನಕಾಯಿ ಜಾಡಿಯನ್ನೂ ಕಂಬಳಿಯನ್ನೂ ತಾವೇ ಬಿಚ್ಚಿ ವ್ಯಾನಿನಲ್ಲಿಟ್ಟರು.

"ಹುಣಸೆಹಳ್ಳೀಲಿ ನನ್ ಮಗನ್ಗೆ ಒಂದ್ ಮಾತು ಹೇಳ್ಬುಡು" ಎಂದಳು ಲಕ್ಕಮ್ಮ ಹತ್ತಿ ಕೂತು. ವ್ಯಾನು ಧೂಳೆಬ್ಬಿಸುತ್ತ ತುಮಕೂರಿನ ದಾರಿ ಹಿಡಿಯಿತು.

ಒಂದು ಮಾತು ಹೇಳುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಹೊತ್ತು ಇಳಿಯುವ ವೇಳೆಗೆ ಅವರು ಹುಣಸೆಹಳ್ಳಿ ಮುಟ್ಟಿದಾಗ ಚಿಕ್ಕರಂಗಯ್ಯ ರಸ್ತೆಗೆ ಅಡ್ಡಲಾಗಿ ನಿಂತಿದ್ದ. ಅವನೇ ಹ್ಯಾಂಡಲ್ಲು ಹಿಡಿದು ನಿಲ್ಲಿಸಿದ. ಹಿಂದೆ ತುಂಬು ಬಸುರಿ ಅಶ್ವತ್ಥಮ್ಮ, ಅವಳ ಹಿಂದೆ ಅರ್ಧ ಊರು.

"ಬೆಳಗ್ಗೆ ನಮ್ಮವ್ವನ್ನ ಸೈಕಲ್ ಮ್ಯಾಲೆ ಕುಂಡ್ರಿಸ್ಕೊಂಡು ಹೋದೋರು ನೀವೇ ತಾನೇ? ಅವ್ಳ ತಂಗಿ ಮನೇಗೆ ಆಳು ಕಳ್ಸಿದ್ದೆ, ಅಲ್ಲಿಗೆ ಬರ್ಲೇ ಇಲ್ಲಂತೆ. ಎಲ್ಲವ್ಳೆ?"

"ಲಂಕೆಗೆ ಹೋದರು" ಎಂದರು ಮರುಳಸಿದ್ದಯ್ಯನವರು.

ಅವರು ಮೊದಲಿನಿಂದ ಎಲ್ಲ ಹೇಳಿದರು. ರುದ್ರಯ್ಯನವರು ಹೊರಡುವಾಗ ಬರೆದುಕೊಟ್ಟಿದ್ದ ಪತ್ರ ತೋರಿಸಿದರು, ತಮ್ಮ ರಜಾ ಚೀಟಿಯನ್ನೂ ತೋರಿಸಿದರು. ಕೊನೆಗೆ ಅಶ್ವತ್ಥಮ್ಮ ಅಲ್ಲೇ ರಸ್ತೆಯಲ್ಲಿ ಕೂತು ಅತ್ತಳು. "ಒಂದ್ ಕಲ್ಲು ಉಪ್ಪಿನ್ ಮಾತಿಗೆ ಸಮುದ್ರದಾಚೆಗೆ ಹೋಗ್ಬುಟ್ಲಲ್ಲಪ್ಪ ನಮ್ಮತ್ತೆ."

ಚಿಕ್ಕರಂಗಯ್ಯನಿಗೆ ಬೇರೆಯದೇ ಚಿಂತೆ. "ಜೋಳ ಹಾಲ್ಗಾಳು ಕಟ್ಟೈತೆ. ಅವ್ವ ಅಟ್ಟಣೆ ಮ್ಯಾಲೆ ಕುಂತು ಗಿಣಿ ಕಾಯ್ತಿದ್ಲು. ಇವ್ಳು ಹತ್ತಂಗಿಲ್ಲ, ನಂಗೆ ಎತ್ತು ಕಟ್ಟಿ ಕಪಿಲೆ ಬಾವಿ ನೀರು ಎತ್ತೋ ಕೆಲ್ಸ. ಈಗ ಯಾರು ಕಾಯ್ತಾರೆ?"

ಹೇಳಿ, ಅವನು ರಜಾ ಚೀಟಿಯ ಕಡೆ ನೋಡಿದ. ಊರೂ ನೋಡಿತು.

ಮರುಳಸಿದ್ದಯ್ಯನವರು ಬೇಡ ಎನ್ನಲು ಬಾಯಿ ತೆರೆದರು. ಆಗ ಮಧುಗಿರಿ ನೆನಪಾಯಿತು. ಓಲಗ, ಭಾಷಣ, ಚಪ್ಪಾಳೆ. ಹೋದ ದಿನವೇ ದೀಪ ಹಚ್ಚುವ ಹೊತ್ತಿಗೆ ಅದೇ ಬೀದಿಯಲ್ಲಿ ಬೆಲ್ಲು ಬಾರಿಸುತ್ತ ಹೋದರೆ ನಾಗಲಿಂಗಯ್ಯನವರು ಇನ್ನೊಂದು ಭಾಷಣ ಮಾಡದೆ ಬಿಡುವವರಲ್ಲ. ತೆರೆದ ಬಾಯನ್ನು ಮುಚ್ಚಿ, "ಅಟ್ಟಣೆಗೆ ಏಣಿ ಇದೆಯೇ?" ಎಂದು ಕೇಳಿದರು.

ಊರ ಮುಂದಿನ ವೀರಭದ್ರನ ಗುಡಿಯ ಅಯ್ಯನವರ ಮನೆಯಲ್ಲಿ ಅವರಿಗೆ ಊಟ, ಗುಡಿಯ ಜಗುಲಿಯಲ್ಲಿ ಹಾಸಿಗೆ ಎಂದಾಯಿತು. ಹೆಂಡತಿಗೆ ಮಾತ್ರ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಮಧುಗಿರಿ ಸಂತೆಗೆ ಹೋಗುವ ಗಾಡಿಯವನ ಕೈಲಿ ನಡೆದದ್ದನ್ನೆಲ್ಲ ಬರೆದು, ಯಾರಿಗೂ ಹೇಳಬೇಡವೆಂದು ಕೊನೆಗೆ ಸೇರಿಸಿ, ಚೀಟಿ ಕಳಿಸಿದರು.

ಮೂರನೆಯ ದಿನ ಬೆಳಿಗ್ಗೆ ಅವರು ಕವಣೆ ಹಿಡಿದು ಅಟ್ಟಣೆಯ ಮೇಲೆ ಕೂತಿದ್ದಾಗ ಮಧುಗಿರಿಯ ಬಸ್ಸು ಬಂದು ಹೊಲದೆದುರಿಗೇ ನಿಂತಿತು. ಮೊದಲು ಶಿವರುದ್ರಮ್ಮನವರು ಇಳಿದರು, ಕೈಯಲ್ಲಿ ರೊಟ್ಟಿಯ ಗಂಟು. ಮರುಳಸಿದ್ದಯ್ಯನವರ ಮುಖ ಅರಳಿತು. ಆಕೆ ತಲೆಯೆತ್ತಿ ಸಂಕಟದ ದನಿಯಲ್ಲಿ ಹೇಳಿದರು.

"ನಾನು ಯಾರಿಗೂ ಹೇಳ್ಲಿಲ್ಲ ಕಣ್ರೀ. ನಿಮ್ಮ ಚೀಟೀನ ಆ ಗಾಡಿಯವನು ನಮ್ಮನೆ ಅಂತ ಪಕ್ಕದ ಮನೇಲಿ ಕೊಟ್ಟುಬಿಟ್ಟಿದ್ದ."

ಅವರ ಹಿಂದೆಯೇ ಬಸ್ಸಿನಿಂದ ಒಬ್ಬೊಬ್ಬರಾಗಿ ಓಲಗದವರು ಇಳಿದರು. ಕೊನೆಗೆ ನಾಗಲಿಂಗಯ್ಯನವರು ಇಳಿದು, ಶಲ್ಯ ಸರಿಮಾಡಿಕೊಂಡು, ಭಾಷಣಕ್ಕೆ ಎತ್ತರದ ಜಾಗ ಹುಡುಕುತ್ತ ಅಟ್ಟಣೆಯ ಏಣಿಯ ಕಡೆಗೇ ಬಂದರು.