ಗಾಡಿಗೆ ದಮ್ಮು

ಮನೆಗೊಂದು ಗಾಡಿ ಕೊಳ್ಳುವವರು ಊರ ತುಂಬ ಇದ್ದಾರೆ. ಗಾಡಿಗೇ ಗೃಹಪ್ರವೇಶ ಮಾಡಿಸಿದವರು ಮಾತ್ರ ನಮ್ಮ ಕಾಕಾ ಒಬ್ಬರೇ ಇರಬೇಕು! ಆಚಾರ್ಯರು ಎಷ್ಟೋ ಹೇಳಿ ನೋಡಿದರು. "ರಾಯರ, ವಾಹನಪೂಜಾ ಬ್ಯಾರೆ, ವಾಸ್ತುಶಾಂತಿ ಬ್ಯಾರೆ." ಕಾಕಾ ಕೇಳಬೇಕಲ್ಲ? "ಇದರಾಗ ಒಲಿ ಅದ, ಹಾಸಿಗಿ ಅದ, ದೇವರ ಗೂಡು ಅದ. ಮನಿ ಅಲ್ಲದ ಇದೇನು ದನದ ಕೊಟಗಿ ಏನ್ರಿ?" ಕೊನೆಗೆ ಆಚಾರ್ಯರೇ ಸೋತು, ಪುಣೆಯ ಕಾತ್ರಜದ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ, ಗಾಡಿಯೊಳಗಿನ ಗ್ಯಾಸಿನ ಮೇಲೆ ಹಾಲು ಉಕ್ಕಿಸಿದರು. ಚಕ್ರಕ್ಕೆ ನಿಂಬೆಹಣ್ಣು, ಬಾಗಿಲಿಗೆ ತೋರಣ. ವಾಚ್‌ಮನ್ನನಿಗೆ ಎರಡು ಪೇಢೆ, ಗಾಡಿಯದೊಂದು, ಮನೆಯದೊಂದು!

ಕಾಕಾ ಮಾರ್ಕೆಟ್ ಯಾರ್ಡಿನ ಲಾರಿ ಆಫೀಸೊಂದರಲ್ಲಿ ಕಾರಕೂನರಾಗಿದ್ದವರು. ದೇಶದ ಮೂಲೆಮೂಲೆಗೂ ಲಾರಿ ಕಳಿಸಿ ತಾವು ಕುರ್ಚಿ ಬಿಟ್ಟು ಕದಲದವರು. ಅಂಥವರು ನಿವೃತ್ತರಾದ ಮೇಲೆ ಹಳೇ ಟೆಂಪೋ ಕೊಂಡು ಅದನ್ನು ಮನೆ ಮಾಡಿದ್ದಕ್ಕೆ ಕಾರಣ ಅವರ ಹೆಂಡತಿ, ನಮ್ಮ ಕಾಕುವಿನ ದಮ್ಮು. ಪುಣೆಯಲ್ಲಿ ಥಂಡಿ ಶುರುವಾಯಿತೆಂದರೆ ಅವಳ ಉಸಿರು ಸಿಳ್ಳೆ ಹಾಕುತ್ತಿತ್ತು. ಚಳಿಗಾಲಕ್ಕೆ ಒಣ ಹವೆಯ ಕಡೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಒಣ ಹವೆ ಎಂದರೆ ಮರಳುಗಾಡೇ ಎಂದು ತೀರ್ಮಾನಿಸಿದರು ಕಾಕಾ. ಆದರೆ ಕಾಕು ಹೊರಗಿನ ಅನ್ನ ಮುಟ್ಟುವವಳಲ್ಲ, ಹೊಟೇಲಿನ ಹಾಸಿಗೆಯಲ್ಲಿ ಮಲಗುವವಳಲ್ಲ. ಅದೆಲ್ಲಕ್ಕಿಂತ ದೊಡ್ಡ ಹಟ ಇನ್ನೊಂದಿತ್ತು: "ನನ್ನ ಸಲುವಾಗಿ ಯಾರಿಗೂ ತ್ರಾಸ ಆಗಬಾರದು." ಉಸಿರು ಕಟ್ಟಿದರೂ ಬಾಯಿ ಬಿಟ್ಟು ಹೇಳುವವಳಲ್ಲ.

ಮೊದಲ ಪರೀಕ್ಷೆ ಜೇಜುರಿಗೆ. ಖಂಡೋಬನ ದರ್ಶನವೂ ಆಯಿತು, ಗಾಡಿಯ ಗುಣವೂ ತಿಳಿಯಿತು ಎಂದು ನನ್ನನ್ನೂ ಹತ್ತಿಸಿಕೊಂಡರು. ಘಾಟ್ ರಸ್ತೆ ಹತ್ತುತ್ತಿದ್ದ ಹಾಗೆ ಕಾಕಾ ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿಬಿಟ್ಟರು.

"ಏನಾತ್ರಿ ಕಾಕಾ?"

"ಗಾಡಿಗೆ ದಮ್ಮು ಬಂದದ. ಹತ್ತು ಮಿನಿಟು ಕೂಡ್ರಲಿ, ಪಾಪ."

ಗಾಡಿಗೂ ದಮ್ಮೇ! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಾಕುವೂ ನಗುತ್ತ ನೆರಳಲ್ಲಿ ಕೂತು, ತನ್ನ ಔಷಧಿಯ ಪಂಪ್ ಬಾಯಿಗಿಟ್ಟು ಎಳೆದುಕೊಂಡಳು.

ಅಂದು ಹತ್ತಿದ ದಮ್ಮು ಆ ಗಾಡಿಯನ್ನು ಮತ್ತೆ ಬಿಡಲಿಲ್ಲ. ಆ ಡಿಸೆಂಬರಿನಲ್ಲಿ ಜೈಸಲ್ಮೇರಿಗೆ ಹೊರಟಾಗ, ಉಳಿದವರು ಮೂರು ದಿನದಲ್ಲಿ ಮುಟ್ಟುವ ದಾರಿಗೆ ನಮಗೆ ವಾರ ಹಿಡಿಯಿತು. ಮರಳುಗಾಡಿನಲ್ಲಂತೂ ಒಂಟೆಬಂಡಿಗಳು ನಮ್ಮನ್ನು ದಾಟಿ ಮುಂದೆ ಹೋದವು!

ಒಂಟೆ ಎಂದಾಗ ನೆನಪಾಯಿತು. ಅಲ್ಲಿ ಒಂದು ಮಧ್ಯಾಹ್ನ ಕಾಕಾ ಅಡ್ಡಾಡುತ್ತ ದೂರ ಹೋಗಿದ್ದರು. ಕಾಕು ಗಾಡಿಯ ಬಾಗಿಲಲ್ಲಿ ನಿಂತು, ಕಾತ್ರಜಕ್ಕೇ ಕೇಳಿಸುವಂತೆ ಕೂಗಿದಳು: "ಊಟಾ! ಊಟಕ್ಕ ಬರ್ರೀ!" ಕಾಕಾ ಬರುವ ಮೊದಲೇ ದೊಡ್ಡ ಪೇಟದ ಮುದುಕನೊಬ್ಬ ಒಂಟೆ ಹಿಡಿದುಕೊಂಡು ಹಾಜರು! ಹಿಂದಿಯಲ್ಲಿ ಒಂಟೆಗೆ ಊಂಟ್ ಅನ್ನುತ್ತಾರಲ್ಲ, ಅಮ್ಮನವರಿಗೆ ಸವಾರಿ ಬೇಕಾಗಿದೆ ಎಂದುಕೊಂಡಿದ್ದ ಪುಣ್ಯಾತ್ಮ. ಕಾಕು ಗಾಬರಿಯಾಗಿ "ನಹೀ ನಹೀ, ಊಟಾ, ಊಟಾ!" ಎಂದಷ್ಟೂ ಅವನು ಒಂಟೆಯನ್ನು ಇನ್ನಷ್ಟು ಹತ್ತಿರ ತಂದ. ಕೊನೆಗೆ ಜೋಳದ ರೊಟ್ಟಿ, ಝುಣಕ ಕೈಗಿಟ್ಟು ಅರ್ಥ ತಿಳಿಸಬೇಕಾಯಿತು. ಮರುದಿನ ಅದೇ ಹೊತ್ತಿಗೆ ಮೂರು ಒಂಟೆ ಬಂದು ನಿಂತವು. ಸವಾರಿಗಲ್ಲ, ರೊಟ್ಟಿಗೆ!

ಹೀಗೇ ನಾಲ್ಕೈದು ಚಳಿಗಾಲ ಕಳೆದವು. ಒಂದು ವರ್ಷ ಹೊರಡುವ ಮೊದಲು, ಈ ದಮ್ಮಿಗೊಂದು ಮದ್ದು ಮಾಡಿಸಿಬಿಡೋಣ ಎಂದು ನಾನೇ ಗಾಡಿಯನ್ನು ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, ನನ್ನನ್ನೂ ಒಂದು ಸಲ ನೋಡಿ ನಕ್ಕ. "ತಾಈ, ಇಂಜಿನ್ ಏಕದಮ್ ಫಿಟ್ ಆಹೇ. ಕಸಲಾ ದಮಾ?" ಇಂಜಿನ್ ಗಟ್ಟಿಮುಟ್ಟಾಗಿದೆ, ದಮ್ಮೆಲ್ಲಿಯದು ಎಂದು!

ಆ ಸಲದ ದಾರಿಯಲ್ಲಿ ನಾನು ಇಂಜಿನ್ ಬಿಟ್ಟು ಕಾಕಾನನ್ನೇ ನೋಡುತ್ತ ಕೂತೆ. ಮೊದಲು ಹಿಂದಿನ ಸೀಟಿನಿಂದ ಸಣ್ಣ ಸಿಳ್ಳೆ. ಕಾಕಾನ ಕಣ್ಣು ಕನ್ನಡಿಗೆ. ಆಮೇಲೆ ಕಾಲು ಬ್ರೇಕಿಗೆ. "ಗಾಡಿಗೆ ದಮ್ಮು ಬಂದದ!" ಇಷ್ಟು ವರ್ಷ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಯಾರಿಗೂ ಹೇಳಲಿಲ್ಲ.

ಕಳೆದ ಚಳಿಗಾಲಕ್ಕೆ ಮೊದಲು ಕಾಕಾನ ಹೃದಯಕ್ಕೆ ಆಪರೇಶನ್ ಆಯಿತು. ಡಾಕ್ಟರು ಸ್ಟೇರಿಂಗ್ ಬಿಡಿಸಿದರು. ನಾನು ಓಡಿಸಿದೆ. ಪಕ್ಕದಲ್ಲಿ ಕೂತ ಕಾಕಾನ ಬಾಯಿಗೆ ಬಿಡುವಿರಲಿಲ್ಲ. "ಗೇರ್ ಬದಲಸು! ಲಾರಿಗೆ ಹಾದಿ ಬಿಡು!" ಮರಳು ಶುರುವಾದ ಮೇಲೆ ಮಾತು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಮುಖ ಬಾಡಿತ್ತು, ಕೈ ಸೀಟಿನ ಅಂಚನ್ನು ಹಿಡಿದುಕೊಂಡಿತ್ತು.

"ದಣಿದೀರೇನ್ರಿ ಕಾಕಾ? ನಿಲ್ಲಸ್ಲೇನು?"

"ಯಾಕ? ನನಗೇನಾಗೇದ? ನಡಿ ಸುಮ್ಮನ!"

ಆಗ ಹಿಂದಿನಿಂದ ಕಾಕುವಿನ ದನಿ ಬಂತು.

"ನಿಲ್ಲಸವ್ವಾ. ಗಾಡಿಗೆ ದಮ್ಮು ಬಂದದ."

ನಿಲ್ಲಿಸಿದೆ. ಇಂಜಿನ್ ಆರಿಸಿದ ಮೇಲೆ ಗಾಳಿಯ ಸದ್ದೊಂದೇ. ಹಿಂದಿನ ಸೀಟಿನಲ್ಲಿ ಅಂದು ಸಿಳ್ಳೆ ಇರಲಿಲ್ಲ. ಕಾಕಾ ಮೆಲ್ಲಗೆ ತಿರುಗಿ ಹೆಂಡತಿಯನ್ನೇ ನೋಡಿದರು. ನನಗೋ ಮುಂದಿನ ರಸ್ತೆಯೇ ಮಂಜಾಗಿತ್ತು.

"ನಿನಗ ಯಾವಾಗಿಂದ ಗೊತ್ತು?" ಎಂದರು ಕಾಕಾ.

ಕಾಕು ಆಗಲೇ ಇಳಿದು, ಗಾಡಿಯ ನೆರಳಲ್ಲಿ ಚಾಪೆ ಹಾಸುತ್ತಿದ್ದಳು.

"ಜೇಜುರಿಯಿಂದ. ಇಳೀರಿ ಈಗ. ಹತ್ತು ಮಿನಿಟು ಕೂಡ್ರಲಿ, ಪಾಪ."